ಮೈಯನ್ನು ಕಂಡರೆ ಮೊದಲೇ ಬೇಸರವಿರುವವರು 32 ಭಾಗಗಳ ಧ್ಯಾನ ಮಾಡಬಹುದೇ?

ಪ್ರಶ್ನೆ: ನನಗೆ 39 ವರ್ಷ. ಚಿಕ್ಕಂದಿನಿಂದ ಕಪ್ಪು, ದಪ್ಪ ಅನ್ನಿಸಿಕೊಂಡೇ ಬೆಳೆದವಳು. ಕಳೆದ ವರ್ಷ ಅಪ್ಪ ತೀರಿಕೊಂಡ ಮೇಲೆ ಒಂದು ಬೌದ್ಧ ಧ್ಯಾನ ಶಿಬಿರಕ್ಕೆ ಹೋಗಿದ್ದೆ. ಅಲ್ಲಿ ದೇಹದ 32 ಭಾಗಗಳನ್ನೂ ಹೆಣ ಕೊಳೆಯುವ ಹಂತಗಳನ್ನೂ ಮನಸ್ಸಿಗೆ ತಂದುಕೊಳ್ಳಲು ಹೇಳಿಕೊಟ್ಟರು. ಮನೆಯಲ್ಲಿ ಅದನ್ನೇ ಮುಂದುವರಿಸಿದ್ದೇನೆ. ಸಮಾಧಾನ ಸಿಗುವ ಬದಲು ಕನ್ನಡಿ ನೋಡಿದರೆ ಹೇಸಿಗೆ ಆಗುತ್ತಿದೆ, ಊಟ ಸೇರುತ್ತಿಲ್ಲ. ಅಮ್ಮ "ಸಾವಿನ ಮಾತು ಮನೆಯಲ್ಲಿ ಬೇಡ, ಬಿಡ್ತು ಅನ್ನು" ಎನ್ನುತ್ತಾರೆ. ಬುದ್ಧ ನಿಜಕ್ಕೂ ಮೈಯನ್ನು ದ್ವೇಷಿಸಲು ಹೇಳಿದನೇ? ಸಂಸಾರಸ್ಥರಿಗೆ ಇದು ಸರಿಯೇ? ಮುಂದುವರಿಸಲೇ, ಬಿಡಲೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸಿಬಿಡೋಣ. ಹೆಣದ ಧ್ಯಾನವನ್ನೂ 32 ಭಾಗಗಳ ಧ್ಯಾನವನ್ನೂ ಇವತ್ತೇ ನಿಲ್ಲಿಸಿ. ಅರ್ಧಕ್ಕೆ ಬಿಟ್ಟೆನಲ್ಲ ಎಂಬ ಅಳುಕು ಬೇಡ. ಈ ಧ್ಯಾನವನ್ನು ಕಟ್ಟಿ ಬೆಳೆಸಿದ ಪರಂಪರೆಯೇ ನಿಮ್ಮಂಥವರಿಗೆ ಇದನ್ನು ಮೊದಲ ಪಾಠವಾಗಿ ಕೊಡುವುದಿಲ್ಲ.

ಐದನೆಯ ಶತಮಾನದಲ್ಲಿ ಶ್ರೀಲಂಕಾದ ಅನುರಾಧಪುರದ ಮಹಾವಿಹಾರದಲ್ಲಿ ಕೂತು ಬುದ್ಧಘೋಷರು ಪಾಲಿಯಲ್ಲಿ ಬರೆದ 'ವಿಸುದ್ಧಿಮಗ್ಗ' ಶ್ರೀಲಂಕಾ, ಥಾಯ್ಲೆಂಡ್ ಕಡೆಯ ಬೌದ್ಧ ಪಂಥವಾದ ಥೇರವಾದಿಗಳ ಧ್ಯಾನದ ಕೈಪಿಡಿ. ಅದರಲ್ಲಿ 40 ಧ್ಯಾನವಿಷಯಗಳಿವೆ, ಯಾವುದು ಯಾರಿಗೆ ಎಂಬ ಲೆಕ್ಕವೂ ಇದೆ. ಹೆಣದ ಹತ್ತು ಅವಸ್ಥೆಗಳು (ಊದಿದ್ದು, ನೀಲಿಗಟ್ಟಿದ್ದು, ಕೀವು ಸುರಿಯುವುದು, ಹೀಗೆ ಮೂಳೆಯವರೆಗೆ) ಮತ್ತು ದೇಹದ ಭಾಗಗಳ ಧ್ಯಾನವಾದ ಕಾಯಗತಾಸತಿ, ಈ ಹನ್ನೊಂದೂ ರಾಗಚರಿತರಿಗೆ, ಅಂದರೆ ರೂಪದ ಮೋಹ ಜಾಸ್ತಿ ಇರುವವರಿಗೆ. ಸಿಟ್ಟು, ಜಿಗುಪ್ಸೆ, ತಪ್ಪು ಹುಡುಕುವ ಸ್ವಭಾವದ ದ್ವೇಷಚರಿತರಿಗೆ ಮೈತ್ರಿ, ಕರುಣೆ, ಮುದಿತಾ (ಪರರ ಸುಖಕ್ಕೆ ಸಂತೋಷ), ಉಪೇಕ್ಷೆ ಎಂಬ ನಾಲ್ಕು ಬ್ರಹ್ಮವಿಹಾರಗಳು ಮತ್ತು ನೀಲಿ, ಹಳದಿ, ಕೆಂಪು, ಬಿಳಿ ಎಂಬ ನಾಲ್ಕು ಬಣ್ಣಗಳ ಧ್ಯಾನ. ತನ್ನ ಮೈಯನ್ನೇ ಕಂಡರಾಗದವರು ದ್ವೇಷಚರಿತರ ಸಾಲಿಗೇ ಸೇರುತ್ತಾರೆ ಎಂಬುದು ನನ್ನ ಓದು. ದ್ವೇಷದ ಗುರಿ ಹೊರಗಿದ್ದರೇನು, ಒಳಗಿದ್ದರೇನು, ಅದು ದ್ವೇಷವೇ. ಹಿಂದೆ ಗುರು ಶಿಷ್ಯನನ್ನು ತಿಂಗಳುಗಟ್ಟಲೆ ಹತ್ತಿರ ಇಟ್ಟುಕೊಂಡು, ಅವನು ನಡೆಯುವುದು, ಉಣ್ಣುವುದು, ಕಸ ಗುಡಿಸುವುದನ್ನೆಲ್ಲ ಗಮನಿಸಿ ವಿಷಯ ಕೊಡುತ್ತಿದ್ದ. ನೂರು ಜನರ ಹಾಲ್‌ನಲ್ಲಿ ಎಲ್ಲರಿಗೂ ಒಂದೇ ವಿಷಯ ಕೊಡುವ ಇವತ್ತಿನ ಪದ್ಧತಿಯಲ್ಲಿ ಈ ವಿಂಗಡಣೆ ಕಳೆದುಹೋಗಿದೆ. ಉಸಿರಿನ ಧ್ಯಾನದಲ್ಲಿ ಅದರಿಂದ ಅಂಥ ತೊಂದರೆಯಾಗದು. ಹೆಣ, ದೇಹಭಾಗಗಳ ಈ ಅಶುಭ ಧ್ಯಾನದಲ್ಲಿ ಆಗುತ್ತದೆ.

ಆಗುತ್ತದೆ ಎನ್ನುವುದಕ್ಕೆ ಆಧಾರ ಬೌದ್ಧರ ಮೂಲ ಗ್ರಂಥಗಳಾದ ತ್ರಿಪಿಟಕದಲ್ಲೇ ಇದೆ. ಬುದ್ಧನ ಉಪದೇಶಗಳ ಸಂಗ್ರಹವಾದ ಸಂಯುತ್ತ ನಿಕಾಯ ಮತ್ತು ಭಿಕ್ಷುಗಳ ನಿಯಮಗಳ ವಿನಯ ಪಿಟಕ ಎರಡರಲ್ಲೂ ಬರುವ ವೈಶಾಲಿಯ ಪ್ರಸಂಗ ಅದು. ಉಪನ್ಯಾಸಗಳಲ್ಲಿ ಇದನ್ನು ಹೇಳುವವರು ಕಡಿಮೆ. ಬುದ್ಧ ಭಿಕ್ಷುಗಳಿಗೆ ಅಶುಭ ಭಾವನೆಯನ್ನು ಬಗೆಬಗೆಯಾಗಿ ಹೊಗಳಿ ಹೇಳಿದ. ಆಮೇಲೆ "ಅರ್ಧ ತಿಂಗಳು ಏಕಾಂತದಲ್ಲಿರುತ್ತೇನೆ, ಊಟ ತರುವವನ ಹೊರತು ಯಾರೂ ಬರಬೇಡಿ" ಎಂದು ಒಳಗೆ ಹೋದ. ಭಿಕ್ಷುಗಳು ಆ ಧ್ಯಾನವನ್ನು ಹಟ ಹಿಡಿದು ಮಾಡಿದರು. ತಲೆಸ್ನಾನ ಮಾಡಿ ಅಲಂಕರಿಸಿಕೊಂಡ ಹುಡುಗ ಹುಡುಗಿಯರ ಕೊರಳಿಗೆ ಸತ್ತ ಹಾವನ್ನೋ ನಾಯಿಯನ್ನೋ ಕಟ್ಟಿದರೆ ಹೇಗಾಗುತ್ತದೋ, ಅವರಿಗೆ ತಮ್ಮ ಮೈ ಬಗ್ಗೆ ಹಾಗಾಯಿತು ಎನ್ನುತ್ತದೆ ವಿನಯ. ಕೆಲವರು ತಾವೇ ಜೀವ ತೆಗೆದುಕೊಂಡರು. ಕೆಲವರು ಒಬ್ಬರನ್ನೊಬ್ಬರು ಕೊಂದರು. ಇನ್ನು ಕೆಲವರು ಮಿಗಲಂಡಿಕ ಎಂಬ ಸನ್ಯಾಸಿವೇಷದವನ ಬಳಿ ಹೋಗಿ, ಪಾತ್ರೆ, ಚೀವರ (ಭಿಕ್ಷುವಿನ ಬಟ್ಟೆ) ಕೊಡುತ್ತೇವೆ, ನಮ್ಮನ್ನು ಮುಗಿಸು ಎಂದರು. ಅವನು ವಗ್ಗುಮುದಾ ನದಿಯಲ್ಲಿ ರಕ್ತದ ಕತ್ತಿ ತೊಳೆದ ವಿವರವನ್ನೂ ವಿನಯ ಬಿಟ್ಟಿಲ್ಲ.

ಹದಿನೈದು ದಿನ ಕಳೆದು ಹೊರಬಂದ ಬುದ್ಧ ತನ್ನ ಆಪ್ತ ಶಿಷ್ಯ ಆನಂದನನ್ನು ಕೇಳಿದ: ಸಂಘ ಯಾಕೆ ಇಷ್ಟು ತೆಳ್ಳಗಾಗಿದೆ? ಆನಂದ ನಡೆದದ್ದನ್ನೆಲ್ಲ ಹೇಳಿ, "ಭಗವಾನ್, ಬೇರೆ ಯಾವುದಾದರೂ ಕ್ರಮ ಹೇಳಿಕೊಟ್ಟರೆ ಒಳ್ಳೆಯದು" ಎಂದು ಕೇಳಿಕೊಂಡ. ಆಗ ವೈಶಾಲಿಯ ಸುತ್ತ ಇದ್ದ ಭಿಕ್ಷುಗಳನ್ನೆಲ್ಲ ಸೇರಿಸಿ ಹೇಳಿದ್ದು ಆನಾಪಾನಸತಿ, ಉಸಿರಿನ ಧ್ಯಾನ. ಬೇಸಿಗೆಯ ಕೊನೆಯ ತಿಂಗಳಲ್ಲಿ ಎದ್ದ ಧೂಳನ್ನು ಅಕಾಲದ ದೊಡ್ಡ ಮಳೆ ಹೇಗೆ ಅಡಗಿಸುತ್ತದೋ ಹಾಗೆ ಇದು ಎಂದ. ಅದೇ ಸಂದರ್ಭದಲ್ಲಿ ಮೂರನೆಯ ಪಾರಾಜಿಕ ನಿಯಮವೂ ಬಂತು. ಮನುಷ್ಯನ ಜೀವ ತೆಗೆದ ಭಿಕ್ಷು ಸಂಘದಲ್ಲಿ ಉಳಿಯುವುದಿಲ್ಲ. ಸಾವನ್ನು ಹೊಗಳಿ ಇನ್ನೊಬ್ಬನನ್ನು ಸಾಯಲು ಪ್ರೇರೇಪಿಸಿದವನಿಗೂ ಅದೇ ಗತಿ.

ಅಟ್ಠಕಥೆಗಳು, ಅಂದರೆ ಹಳೆಯ ಪಾಲಿ ವ್ಯಾಖ್ಯಾನಗಳು, ಈ ಘಟನೆಗೆ ಪೂರ್ವಜನ್ಮದ ಸಮಜಾಯಿಷಿ ಕೊಡುತ್ತವೆ: ಆ ಭಿಕ್ಷುಗಳು ಹಿಂದೆ ಬೇಟೆಗಾರರಾಗಿದ್ದರು, ಕರ್ಮ ಕಾದಿತ್ತು, ಬುದ್ಧನಿಗೂ ಅದು ಗೊತ್ತಿತ್ತು ಎಂದು. ನನಗೆ ಆ ವಿವರಣೆ ಒಗ್ಗುವುದಿಲ್ಲ. ಮೂಲಪಾಠ ಅದಕ್ಕಿಂತ ಪ್ರಾಮಾಣಿಕವಾಗಿದೆ. ಧ್ಯಾನ ಕೆಲವರಿಗೆ ತಿರುಗುಬಾಣವಾಯಿತು, ಗುರು ಬೇರೆ ಧ್ಯಾನ ಕೊಟ್ಟ, ನಿಯಮ ಮಾಡಿದ. ನಿಮಗೂ ಅನ್ವಯಿಸುವುದು ಅಷ್ಟೇ. ಹೇಸಿಗೆ ಹೆಚ್ಚಾಗಿ ಊಟ ಬಿಟ್ಟುಹೋಗುತ್ತಿದೆ ಎಂದರೆ ಅದನ್ನು ಪ್ರಗತಿ ಎಂದು ತಿಳಿಯಬೇಡಿ, ಯಾರಾದರೂ ಹಾಗೆ ಹೇಳಿದರೆ ನಂಬಲೂ ಬೇಡಿ.

ಹಾಗಾದರೆ ಈ ಧ್ಯಾನ ಸರಿಯಾಗಿ ನಡೆದಾಗ ಹೇಗಿರುತ್ತದೆ? ಎಚ್ಚರದ ಅಭ್ಯಾಸವನ್ನು ಕಲಿಸುವ ಸತಿಪಟ್ಠಾನ ಸುತ್ತದಲ್ಲಿ (ಸುತ್ತ ಎಂದರೆ ಬುದ್ಧನ ಉಪದೇಶ), ಕುರು ದೇಶದ ಕಮ್ಮಾಸಧಮ್ಮ ಎಂಬ ಊರಿನಲ್ಲಿ ಬುದ್ಧ ಕೊಟ್ಟ ಹೋಲಿಕೆ ನೋಡಿ. ಎರಡೂ ಕಡೆ ಬಾಯಿರುವ ಒಂದು ಚೀಲ. ಒಳಗೆ ಬತ್ತ, ಹೆಸರು, ಉದ್ದು, ಎಳ್ಳು, ಅಕ್ಕಿ. ಕಣ್ಣು ಚೆನ್ನಾಗಿರುವ ಒಬ್ಬ ಅದನ್ನು ಬಿಚ್ಚಿ, "ಇದು ಬತ್ತ, ಇದು ಹೆಸರು, ಇದು ಉದ್ದು" ಎಂದು ನೋಡುತ್ತಾನೆ. ಅಷ್ಟೇ. ಅವನು ಮೂಗು ಮುಚ್ಚಿಕೊಳ್ಳುವುದಿಲ್ಲ, ಹೆಸರುಕಾಳಿಗೆ ಬೈಯುವುದೂ ಇಲ್ಲ. ದೇಹದ ಭಾಗಗಳನ್ನು ಹೀಗೆ ನೋಡು ಎಂದ. ಸುತ್ತದ ಪಟ್ಟಿಯಲ್ಲಿ 31 ಇವೆ. ಮಿದುಳನ್ನು ಸೇರಿಸಿ 32 ಮಾಡಿದ ಪಟ್ಟಿ ತ್ರಿಪಿಟಕದ ಖುದ್ದಕಪಾಠ ಎಂಬ ಚಿಕ್ಕ ಗ್ರಂಥದಲ್ಲಿ ಸಿಗುತ್ತದೆ.

ಪಟ್ಟಿಯ ಮೊದಲ ಐದು, ಕೂದಲು, ಮೈರೋಮ, ಉಗುರು, ಹಲ್ಲು, ಚರ್ಮ. ಇವತ್ತಿಗೂ ಥೇರವಾದದಲ್ಲಿ ಪ್ರವ್ರಜ್ಯೆ (ಸನ್ಯಾಸ ದೀಕ್ಷೆ) ಕೊಡುವಾಗ ಹೊಸಬನಿಗೆ ಇವನ್ನೇ ಪಾಲಿಯಲ್ಲಿ ಹೇಳಿಸುತ್ತಾರೆ: ಕೇಸಾ, ಲೋಮಾ, ನಖಾ, ದಂತಾ, ತಚೋ. ಆಮೇಲೆ ಹಿಂದುಮುಂದಾಗಿ. ನಾವು ಒಬ್ಬರನ್ನೊಬ್ಬರು ನೋಡುವಾಗ ನೋಡುವುದೆಲ್ಲ ಈ ಐದೇ ಅಲ್ಲವೇ. ಶಾಂಪೂ, ಸೋಪು, ಕ್ರೀಮು, ನೈಲ್ ಪಾಲಿಶ್, ಟೂತ್‌ಪೇಸ್ಟ್, ಟಿವಿ ಜಾಹೀರಾತಿನ ಅರ್ಧ ಭಾಗ ನಿಂತಿರುವುದೂ ಇವುಗಳ ಮೇಲೆಯೇ.

ಕೂದಲಿನ ವಿಚಾರದಲ್ಲಿ ಬುದ್ಧಘೋಷರು ನಮ್ಮ ಅಡುಗೆಮನೆಗೇ ಬರುತ್ತಾರೆ. ಎಷ್ಟೇ ರುಚಿಯಾದ ಗಂಜಿಯಲ್ಲೋ ಅನ್ನದಲ್ಲೋ ಕೂದಲ ಬಣ್ಣದ್ದೇನಾದರೂ ಕಂಡರೆ "ಕೂದಲು ಬಿದ್ದಿದೆ, ತೆಗೆದುಕೊಂಡು ಹೋಗು" ಎನ್ನುತ್ತಾರೆ ಜನ. ರಾತ್ರಿ ಕತ್ತಲಲ್ಲಿ ಉಣ್ಣುವಾಗ ಎಕ್ಕದ ನಾರು ಕೈಗೆ ತಾಗಿದರೂ ಕೂದಲೆಂದು ಹೇಸುತ್ತಾರೆ. ಅದೇ ಕೂದಲು ತಲೆಯ ಮೇಲಿದ್ದಾಗ ಹೂ ಮುಡಿಸಿಕೊಳ್ಳುತ್ತದೆ. ಹೇಸಿಗೆ ಕೂದಲಿನಲ್ಲಿ ಇದ್ದಿದ್ದರೆ ತಲೆಯ ಮೇಲೂ ಇರಬೇಕಿತ್ತು. ಚೆಲುವು ಅದರಲ್ಲಿ ಇದ್ದಿದ್ದರೆ ತಟ್ಟೆಯಲ್ಲೂ ಇರಬೇಕಿತ್ತು. ನನ್ನ ಮಟ್ಟಿಗೆ ಈ ಧ್ಯಾನದ ತಿರುಳು ಇದು, ಮತ್ತು ಇದು ಎರಡೂ ಕಡೆಗೆ ಕೆಲಸ ಮಾಡುತ್ತದೆ. ಮೋಹ ಇರುವವನ ಮೋಹವನ್ನು ಕರಗಿಸುತ್ತದೆ. ಹೇಸಿಗೆ ಇರುವವರಿಗೆ, ನಿಧಾನವಾಗಿ ಕಲಿತರೆ, ಹೇಸಿಗೆಯೂ ಎಲ್ಲಿಂದಲೋ ತಂದು ಅಂಟಿಸಿದ್ದು ಎಂದು ತೋರಿಸುತ್ತದೆ.

ಈಗ ನಿಮ್ಮ 'ಕಪ್ಪು', 'ದಪ್ಪ' ಎರಡಕ್ಕೂ ಬರುತ್ತೇನೆ. ವಿಸುದ್ಧಿಮಗ್ಗದಲ್ಲಿ ಚರ್ಮದ ಬಗ್ಗೆ ಒಂದು ಮಾತಿದೆ. ಚರ್ಮದ ಬಣ್ಣ ಎಲ್ಲರಿಗೂ ಬಿಳಿ. ಸುಟ್ಟಾಗ, ಪೆಟ್ಟಾಗಿ ಮೇಲಿನ ಪೊರೆ ಕಿತ್ತಾಗ ಅದು ಕಾಣುತ್ತದೆ. ಕಪ್ಪು, ಎಣ್ಣೆಗೆಂಪು ಎಂದೆಲ್ಲ ನಾವು ಹೆಸರಿಡುವುದು ಅದರ ಮೇಲಿನ ತೆಳುವಾದ ಪೊರೆಗೆ. ಆ ಪೊರೆಯನ್ನು ಇಡೀ ಮೈಯಿಂದ ಕೆರೆದು ಒಟ್ಟುಮಾಡಿದರೆ ಒಂದು ಎಲಚಿಹಣ್ಣಿನ ಬೀಜದಷ್ಟು ಆಗುತ್ತದೆ! ಇವತ್ತಿನ ಚರ್ಮಶಾಸ್ತ್ರವೂ ಬಣ್ಣವನ್ನು ಹೊರಪದರದಲ್ಲೇ ಇಟ್ಟಿದೆ. ಮೂವತ್ತೊಂಬತ್ತು ವರ್ಷ ನೀವು ಹೊತ್ತ ಮಾತುಗಳೆಲ್ಲ ಆ ಎಲಚಿ ಬೀಜದ ಬಗ್ಗೆ.

ಕೊಬ್ಬು ಪಟ್ಟಿಯಲ್ಲಿ ಇಪ್ಪತ್ತಾರನೆಯದು. ಒಡೆದ ಅರಿಸಿನದ ಬಣ್ಣ ಎನ್ನುತ್ತಾರೆ. ಎಲ್ಲಿರುತ್ತದೆ ಎಂಬ ಪ್ರಶ್ನೆಗೆ, ದಪ್ಪಗಿರುವವರಲ್ಲಿ ಚರ್ಮಕ್ಕೂ ಮಾಂಸಕ್ಕೂ ನಡುವೆ ಮೈತುಂಬ ಹರಡಿರುತ್ತದೆ, ಸಣ್ಣಗಿರುವವರಲ್ಲಿ ಕಾಲಿನ ಮಾಂಸ ಮೊದಲಾದವನ್ನು ಆಶ್ರಯಿಸಿರುತ್ತದೆ ಎಂಬ ಉತ್ತರ. ವಿಳಾಸ ಹೇಳಿದಷ್ಟೇ ನಿರ್ಲಿಪ್ತವಾದ ದನಿ. ದಪ್ಪಗಿರುವುದು ತಪ್ಪು ಎಂಬ ಸೂಚನೆ ಇಲ್ಲ, ಸಣ್ಣಗಿರುವುದಕ್ಕೆ ಹೆಚ್ಚು ಅಂಕವೂ ಇಲ್ಲ.

ನಿಮ್ಮ ಕನ್ನಡಿಯ ಮುಂದಿನ ಹೇಸಿಗೆ ಇಂಥದ್ದಲ್ಲ. ಅದರೊಳಗೆ "ಅವಳ ಹಾಗಿಲ್ಲ" ಎಂಬ ಮಾತಿದೆ. 32 ಭಾಗಗಳ ಪಟ್ಟಿ ಸಿನಿಮಾ ನಟಿಗೂ ನಿಮಗೂ ಒಂದೇ, ಕ್ರಮವೂ ಒಂದೇ. ಹೋಲಿಕೆ ಇರುವವರೆಗೆ ಅಲ್ಲಿ ನಡೆಯುತ್ತಿರುವುದು ಸೌಂದರ್ಯಸ್ಪರ್ಧೆ, ಕಾಯಗತಾಸತಿ ಇನ್ನೂ ಶುರುವೇ ಆಗಿಲ್ಲ. ಸುತ್ತದಲ್ಲಿ ಸ್ಮಶಾನದ ಒಂಬತ್ತು ನೋಟಗಳಲ್ಲೂ ಪ್ರತಿಸಲ ಬರುವ ವಾಕ್ಯದ ತಾತ್ಪರ್ಯ ಇಷ್ಟೇ: "ಈ ಮೈಯೂ ಅದೇ ಧರ್ಮದ್ದು, ಹಾಗೇ ಆಗುವಂಥದ್ದು, ಅದನ್ನು ಮೀರಿದ್ದಲ್ಲ." ನನ್ನದು ಮಾತ್ರ ಕೆಟ್ಟದ್ದು ಎಂದು ಅದು ಎಲ್ಲೂ ಹೇಳುವುದಿಲ್ಲ.

ಬುದ್ಧ ಮೈಯನ್ನು ದ್ವೇಷಿಸಲು ಹೇಳಿದನೇ ಎಂದು ಕೇಳಿದ್ದೀರಿ. ಆರು ವರ್ಷ ಮೈಯನ್ನು ದಂಡಿಸಿ, ಅದರಿಂದ ಏನೂ ಸಿಗಲಿಲ್ಲವೆಂದು ಬಿಟ್ಟು, ಅನ್ನ ಉಂಡು ಕೂತವನು ಆತ. ಮಜ್ಝಿಮ ನಿಕಾಯದ ಕಾಯಗತಾಸತಿ ಸುತ್ತದಲ್ಲಿ ಕೂದಲು, ಉಗುರು, ಕಫ, ಕೀವುಗಳ ಪಟ್ಟಿ ಬಂದ ಬಳಿಕ ಅದೇ ಸುತ್ತದಲ್ಲಿ ಧ್ಯಾನದ ಸುಖ ಮೈತುಂಬ ಹರಡುವ ವರ್ಣನೆ ಬರುತ್ತದೆ: ತಣ್ಣೀರಿನೊಳಗೇ ಹುಟ್ಟಿ ಬೆಳೆದ ತಾವರೆಯ ತುದಿಯಿಂದ ಬುಡದವರೆಗೆ ನೀರು ತುಂಬಿರುವಂತೆ ಮೈಯ ಯಾವ ಭಾಗವೂ ಆ ಸುಖಕ್ಕೆ ಹೊರತಾಗಿ ಉಳಿಯುವುದಿಲ್ಲ ಎಂದು. ರೋಹಿತಸ್ಸ ಎಂಬ ದೇವಪುತ್ರನಿಗೆ ಹೇಳಿದ್ದು ಇನ್ನೂ ನೇರ. ಲೋಕ, ಲೋಕದ ಹುಟ್ಟು, ಲೋಕದ ಕೊನೆ, ಆ ಕೊನೆಗೆ ಹೋಗುವ ದಾರಿ, ಎಲ್ಲವೂ ಸಂಜ್ಞೆ (ಗುರುತಿಸುವ ಅರಿವು) ಮತ್ತು ಮನಸ್ಸಿರುವ ಈ ಮಾರುದ್ದದ ಮೈಯಲ್ಲೇ ಇವೆ.

ಮಾತಿಗಿಂತ ನಡತೆ ನೋಡಬೇಕೆಂದರೆ ವಿನಯ ಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗವಿದೆ. ಬುದ್ಧ ಆನಂದನ ಜೊತೆ ಭಿಕ್ಷುಗಳ ವಸತಿ ನೋಡುತ್ತ ಹೋಗುವಾಗ, ಭೇದಿಯಾಗಿ ತನ್ನದೇ ಮಲಮೂತ್ರದಲ್ಲಿ ಬಿದ್ದಿದ್ದ ಒಬ್ಬ ಭಿಕ್ಷು ಕಂಡ. ನೋಡಿಕೊಳ್ಳುವವರು ಇಲ್ಲವೇ? ಇಲ್ಲ. ಯಾಕೆ? "ನಾನು ಯಾರಿಗೂ ಏನೂ ಮಾಡಿದವನಲ್ಲ, ಅದಕ್ಕೇ ಅವರೂ ನೋಡುವುದಿಲ್ಲ." ಬುದ್ಧ ನೀರು ತರಿಸಿ ತಾನೇ ಸುರಿದ, ಆನಂದ ತೊಳೆದ. ಬುದ್ಧ ತಲೆಯ ಕಡೆ, ಆನಂದ ಕಾಲಿನ ಕಡೆ ಹಿಡಿದು ಎತ್ತಿ ಮಂಚದ ಮೇಲೆ ಮಲಗಿಸಿದರು. ಆಮೇಲೆ ಸಂಘವನ್ನು ಸೇರಿಸಿ, ನಿಮಗೆ ಇಲ್ಲಿ ತಂದೆತಾಯಿ ಇಲ್ಲ, ನೀವೇ ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಯಾರು ನೋಡುತ್ತಾರೆ, ನನ್ನ ಸೇವೆ ಮಾಡಬಯಸುವವನು ರೋಗಿಯ ಸೇವೆ ಮಾಡಲಿ ಎಂದ. ಮಲ, ಮೂತ್ರ ಎರಡೂ 32ರ ಪಟ್ಟಿಯಲ್ಲಿವೆ. ಆ ಪಟ್ಟಿ ಹೇಳಿಕೊಟ್ಟವನು ಅವುಗಳ ಮುಂದೆ ನಡೆದುಕೊಂಡ ರೀತಿ ಇದು. ನಿಮ್ಮ ಅಪ್ಪನ ಕೊನೆಯ ದಿನಗಳಲ್ಲಿ ನೀವು ಅವರ ಶುಶ್ರೂಷೆ ಮಾಡಿದ್ದರೆ, ಹೇಸಿಗೆಯಿಲ್ಲದೆ ಮೈಯನ್ನು ನೋಡುವುದು ಹೇಗೆಂದು ನಿಮಗೆ ಆಗಲೇ ಗೊತ್ತಿದೆ.

ಹೆಣ್ಣಿನ ವಿಷಯದಲ್ಲಿ ಒಂದು ತಕರಾರನ್ನೂ ಇಲ್ಲಿ ಹೇಳಲೇಬೇಕು. ಅಶುಭ ಧ್ಯಾನದ ಹೆಸರುವಾಸಿ ಕಥೆಗಳಲ್ಲಿ ನೋಡುವವನು ಗಂಡಸು, ಕೊಳೆಯುವವಳು ಹೆಂಗಸು. ರಾಜಗೃಹದ ಗಣಿಕೆ ಸಿರಿಮಾಳ ಹೆಣವನ್ನು ಸ್ಮಶಾನದಲ್ಲಿಟ್ಟು ಸಾವಿರಕ್ಕೆ ಕೂಗಿ, ಇಳಿಸುತ್ತ ಇಳಿಸುತ್ತ, ಕೊನೆಗೆ ಬಿಟ್ಟಿ ಕೊಟ್ಟರೂ ಯಾರೂ ಕೊಳ್ಳಲಿಲ್ಲ ಎಂಬ ಧಮ್ಮಪದ ಅಟ್ಠಕಥೆಯ ಕಥೆ ಶಿಬಿರಗಳಲ್ಲಿ ಇವತ್ತಿಗೂ ಕೇಳಿಬರುತ್ತದೆ. ಪ್ರತಿದಿನ ಭಿಕ್ಷುಗಳಿಗೆ ಊಟ ಹಾಕುತ್ತಿದ್ದವಳು ಅವಳು. ಮೋಹದಲ್ಲಿ ಬಿದ್ದವನು ಒಬ್ಬ ಭಿಕ್ಷು, ಪಾಠಕ್ಕೆ ಬಳಕೆಯಾದದ್ದು ಅವಳ ಮೈ. ಹೆಣ್ಣುಮಕ್ಕಳಿರುವ ಕಡೆ ನಾನು ಆ ಕಥೆ ಹೇಳುವುದಿಲ್ಲ. ಬದಲಿಗೆ ಹಿರಿಯ ಭಿಕ್ಷುಣಿಯರ ಪದ್ಯಗಳ ಸಂಗ್ರಹವಾದ ಥೇರೀಗಾಥೆಯ ಅಂಬಪಾಲಿಯನ್ನು ಓದಿ ಎನ್ನುತ್ತೇನೆ. ವೈಶಾಲಿಯ ಆ ಗಣಿಕೆ, ಬುದ್ಧನ ಸಂಘಕ್ಕೆ ಮಾವಿನತೋಪು ಕೊಟ್ಟವಳು, ಮುದುಕಿಯಾದ ಮೇಲೆ ತನ್ನ ಮೈಯನ್ನು ತಾನೇ ತಲೆಯಿಂದ ಕಾಲಿನವರೆಗೆ ನೋಡಿಕೊಳ್ಳುವ 19 ಪದ್ಯಗಳು. ದುಂಬಿಬಣ್ಣದ ಗುಂಗುರು ಕೂದಲು ಈಗ ಸೆಣಬಿನ ನಾರಿನಂತೆ. ಹೂವಿನ ಪರಿಮಳವಿದ್ದ ಮುಡಿಗೆ ಈಗ ಮೊಲದ ರೋಮದ ವಾಸನೆ. ಬಾಳೆಯ ಮೊಗ್ಗಿನ ಬಣ್ಣದ ಹಲ್ಲು ಮುರಿದು ಹಳದಿಗಟ್ಟಿದೆ. ಚಿನ್ನದ ಗೆಜ್ಜೆ ತೊಟ್ಟ ಕಾಲು ಎಳ್ಳಿನ ಕಡ್ಡಿಯಾಗಿದೆ. ಒಂದೊಂದು ಪದ್ಯದ ಕೊನೆಗೂ "ಸತ್ಯವಾದಿಯ ಮಾತು ಸುಳ್ಳಾಗದು" ಎಂಬ ಪಲ್ಲವಿ. ಹಿಂದೆ ಚೆಲುವೆಯಾಗಿದ್ದೆ ಎನ್ನಲು ಅವಳಿಗೆ ನಾಚಿಕೆಯಿಲ್ಲ, ಈಗ ಗಾರೆ ಉದುರಿದ ಹಳೆಮನೆ ಎನ್ನಲು ಅಳುವೂ ಇಲ್ಲ. ನೀವು ಸದ್ಯಕ್ಕೆ ಓದಬೇಕಾದ ಕಾಯಾನುಪಶ್ಯನೆ (ಮೈಯನ್ನು ಗಮನಿಸಿ ನೋಡುವುದು) ಇದು.

ಇನ್ನು ಸಾವು, ಅಮ್ಮ, ಅಪ್ಪ.

ಮರಣಸತಿ, ಅಂದರೆ ಸಾವನ್ನು ನೆನೆಯುವುದು, ಬೇರೆಯೇ ಧ್ಯಾನ. ಅದನ್ನು ಹೆಣದ ಧ್ಯಾನದ ಜೊತೆ ಕಲಸಬೇಡಿ. ನಾದಿಕ ಎಂಬ ಊರಿನ ಇಟ್ಟಿಗೆಯ ವಸತಿಯಲ್ಲಿ ಬುದ್ಧ ಭಿಕ್ಷುಗಳನ್ನು ಕೇಳಿದ, ಮರಣಸತಿ ಮಾಡುತ್ತೀರಾ? ಮಾಡುತ್ತೇನೆ ಎಂದವರೆಲ್ಲ ಹೇಗೆಂದು ಹೇಳಿದರು. ಒಬ್ಬ, ಒಂದು ಹಗಲು ಒಂದು ರಾತ್ರಿ ಬದುಕಿದರೆ ಸಾಕು, ಆ ಹೊತ್ತಿನಲ್ಲಿ ಭಗವಂತನ ಮಾತನ್ನು ಮನಸ್ಸಿಗೆ ತಂದುಕೊಂಡರೆ ಎಷ್ಟೋ ಮಾಡಿದಂತೆ ಎಂದ. ಇನ್ನೊಬ್ಬ ಒಂದು ಹಗಲು. ಇನ್ನೊಬ್ಬ ಒಂದು ಊಟದ ಹೊತ್ತು, ಮತ್ತೊಬ್ಬ ನಾಲ್ಕೈದು ತುತ್ತು. ಕೊನೆಯಿಬ್ಬರಲ್ಲಿ ಒಬ್ಬ ಒಂದು ತುತ್ತು ಅಗಿದು ನುಂಗುವಷ್ಟು, ಇನ್ನೊಬ್ಬ ಒಂದು ಉಸಿರು ಒಳಗೆ ಹೋಗಿ ಹೊರಗೆ ಬರುವಷ್ಟು ಎಂದರು. ಈ ಇಬ್ಬರು ಮಾತ್ರ ಎಚ್ಚರದಲ್ಲಿದ್ದಾರೆ, ಉಳಿದವರೆಲ್ಲ ಮೈಮರೆತಿದ್ದಾರೆ ಎಂದ ಬುದ್ಧ. ಈ ಸುತ್ತದಲ್ಲಿ ಸಾವಿನ ಚಿತ್ರ ಒಂದೂ ಇಲ್ಲ ಎಂಬುದನ್ನು ಗಮನಿಸಿ. ಅಲ್ಲಿ ಇರುವುದೆಲ್ಲ ಇರುವಷ್ಟು ಹೊತ್ತನ್ನು ಏನು ಮಾಡುತ್ತೀ ಎಂಬ ಲೆಕ್ಕ.

ಇದನ್ನೂ ತಪ್ಪಾಗಿ ಮಾಡಬಹುದು ಎಂದು ವಿಸುದ್ಧಿಮಗ್ಗ ಎಚ್ಚರಿಸುತ್ತದೆ. ಪ್ರೀತಿಪಾತ್ರರ ಸಾವು ನೆನೆದರೆ ಶೋಕ ಹುಟ್ಟುತ್ತದೆ. ಶತ್ರುವಿನ ಸಾವು ನೆನೆದರೆ ಖುಷಿ. ಸಂಬಂಧವಿಲ್ಲದವರ ಸಾವು ನೆನೆದರೆ ಹೆಣ ಸುಡುವವನಿಗೆ ಹೆಣ ಕಂಡಂತೆ, ಏನೂ ಆಗುವುದಿಲ್ಲ. ತನ್ನ ಸಾವನ್ನು ನೆನೆದರೆ ಹೆದರಿಕೆ. ಅಪ್ಪ ಹೋಗಿ ಇನ್ನೂ ಒಂದು ವರ್ಷ. ನೀವು ಕಣ್ಣು ಮುಚ್ಚಿ ಹೆಣ ಎಂದುಕೊಂಡಾಗ ಯಾರ ಮುಖ ಬರುತ್ತಿದೆ ಎಂದು ನಾನು ಊಹಿಸಬಲ್ಲೆ. ಅದು ದುಃಖ. ದುಃಖಕ್ಕೆ ಅದರದೇ ಹೊತ್ತು ಬೇಕು, ಅತ್ತರೆ ಅಳಬೇಕು, ಅದನ್ನು ಧ್ಯಾನದ ವಿಷಯವಾಗಿ ಮಾಡಿಕೊಂಡು ಬೆಳಗ್ಗೆ ಸಂಜೆ ಕೆದಕಬಾರದು. ನಮ್ಮಲ್ಲಿ ಸ್ಮಶಾನ ವೈರಾಗ್ಯ ಎಂದು ನಗುತ್ತಾರಲ್ಲ, ಮಣ್ಣು ಮಾಡಿ ಬಂದು ಸ್ನಾನ ಮಾಡುವಷ್ಟರಲ್ಲಿ ಮುಗಿಯುವ ವೈರಾಗ್ಯ. ನಿಮ್ಮದು ಅದರ ಉಲ್ಟಾ, ಸ್ಮಶಾನದಿಂದ ಮನೆಗೇ ಬರುತ್ತಿಲ್ಲ.

ಸಂಸಾರಸ್ಥರಿಗೆ ಸರಿಯೇ ಎಂಬುದಕ್ಕೆ ಅಂಗುತ್ತರ ನಿಕಾಯದಲ್ಲಿ ಸ್ಪಷ್ಟ ಉತ್ತರವಿದೆ. ಹೆಣ್ಣಾಗಲಿ ಗಂಡಾಗಲಿ, ಗೃಹಸ್ಥರಾಗಲಿ ಪ್ರವ್ರಜಿತರಾಗಲಿ, ಆಗಾಗ ನೆನೆಯಬೇಕಾದ ಐದು ವಿಷಯಗಳು: ಮುಪ್ಪು ನನಗೆ ತಪ್ಪಿದ್ದಲ್ಲ, ಕಾಯಿಲೆ ತಪ್ಪಿದ್ದಲ್ಲ, ಸಾವು ತಪ್ಪಿದ್ದಲ್ಲ, ಪ್ರಿಯವಾದದ್ದರಿಂದ ಅಗಲಿಕೆ ತಪ್ಪಿದ್ದಲ್ಲ, ನನ್ನ ಕರ್ಮಕ್ಕೆ ನಾನೇ ವಾರಸುದಾರ. ಯಾಕೆಂದರೆ ಯೌವನದ ಮದ, ಆರೋಗ್ಯದ ಮದ, ಬದುಕಿನ ಮದ ಇಳಿಯಲಿ ಎಂದು. ಇದು ಮಾಡಬಹುದು, ದಿನಕ್ಕೊಮ್ಮೆ, ದೇವರ ಮುಂದೆ ದೀಪ ಹಚ್ಚುವಾಗ ಹೇಳಿಕೊಂಡರೂ ಸಾಕು. ಕುರು ದೇಶದಲ್ಲಿ ನೀರಿಗೆ ಹೋದಲ್ಲಿ, ನೂಲುವ ಕಡೆ ಹೆಂಗಸರು "ನೀನು ಯಾವ ಸತಿಪಟ್ಠಾನ ಮಾಡುತ್ತಿ" ಎಂದು ಕೇಳಿಕೊಳ್ಳುತ್ತಿದ್ದರಂತೆ, ಏನೂ ಇಲ್ಲ ಎಂದವಳಿಗೆ ಬೈದು ಕಲಿಸುತ್ತಿದ್ದರಂತೆ. ಅಟ್ಠಕಥೆ ಅಲ್ಲಿಗೂ ನಿಲ್ಲದೆ ಭಿಕ್ಷುಣಿಯರ ವಸತಿಯಲ್ಲಿ ಬೆಳೆದ ಬುದ್ಧರಕ್ಖಿತ ಎಂಬ ಗಿಳಿಯನ್ನೂ ತರುತ್ತದೆ. "ಮೂಳೆ, ಮೂಳೆ" ಎಂದು ಧ್ಯಾನ ಮಾಡಲು ಕಲಿತಿದ್ದ ಅದನ್ನು ಹದ್ದೊಂದು ಎತ್ತಿಕೊಂಡು ಹೋಯಿತು. ಬಿಡಿಸಿದ ಮೇಲೆ ಏನು ಯೋಚಿಸುತ್ತಿದ್ದೆ ಎಂದು ಕೇಳಿದರೆ, "ಮೂಳೆಯ ಗೂಡೊಂದು ಮೂಳೆಯ ಗೂಡನ್ನು ಎತ್ತಿಕೊಂಡು ಹೋಗುತ್ತಿದೆ, ಎಲ್ಲಿ ಚೆದುರುತ್ತದೋ ಎಂದುಕೊಳ್ಳುತ್ತಿದ್ದೆ" ಎಂದಿತಂತೆ. ಕಥೆಯ ಸತ್ಯಾಸತ್ಯ ಹಾಗಿರಲಿ, ಹೇಳಿದವರಿಗೆ ಹಾಸ್ಯಪ್ರಜ್ಞೆ ಇತ್ತು. ಮೂಳೆಯ ಧ್ಯಾನ ನಗುವನ್ನು ಕಿತ್ತುಕೊಳ್ಳುವಂಥದ್ದಲ್ಲ ಎಂಬುದಕ್ಕೆ ಅಷ್ಟು ಸಾಕು.

ಅಮ್ಮನ "ಬಿಡ್ತು ಅನ್ನು" ಎಂಬುದರ ಜೊತೆ ವಾದಕ್ಕೆ ಇಳಿಯಬೇಡಿ. ಅವರು ಗಂಡನನ್ನು ಕಳೆದುಕೊಂಡವರು. ಮಗಳು ಊಟ ಬಿಟ್ಟು ಹೆಣದ ಬಗ್ಗೆ ಮಾತಾಡಿದರೆ ಯಾವ ತಾಯಿಯೂ ಹಾಗೇ ಹೇಳುತ್ತಾಳೆ.

ಈಗ ಏನು ಮಾಡಬೇಕು? ಮೂರು ನಾಲ್ಕು ತಿಂಗಳು ಉಸಿರಿನ ಧ್ಯಾನ ಮತ್ತು ಮೈತ್ರಿ, ಇವೆರಡೇ. ಮೈತ್ರಿ ತನ್ನಿಂದಲೇ ಶುರು ಎಂಬುದು ಬುದ್ಧಘೋಷರ ಕ್ರಮ, ನಿಮಗೆ ಕಷ್ಟವಾಗುವುದೂ ಅಲ್ಲೇ. ಕಷ್ಟವಾದರೆ ನಿಮಗೆ ಗೌರವವಿರುವ, ಬದುಕಿರುವ ಒಬ್ಬರಿಂದ ಶುರುಮಾಡಿ ಆಮೇಲೆ ನಿಮ್ಮ ಕಡೆ ತಿರುಗಿಸಿ. ಊಟ, ನಿದ್ದೆ ಸರಿಹೋಗಿ, ಮತ್ತೆ ಆಸೆಯೆನಿಸಿದರೆ, ನಿಮ್ಮನ್ನು ವಾರಕ್ಕೊಮ್ಮೆಯಾದರೂ ನೋಡಿ ಮಾತಾಡಬಲ್ಲ ಗುರುವಿನ ಕೆಳಗೆ ಮೊದಲ ಐದನ್ನು ಮಾತ್ರ ಬಾಯಲ್ಲಿ ಹೇಳಿಕೊಳ್ಳಿ. ಚಿತ್ರ ಕಲ್ಪಿಸಿಕೊಳ್ಳುವುದು ಬೇಡ. ಅವಸರವೇನಿಲ್ಲ. ವಿಭಂಗ ಎಂಬ ಗ್ರಂಥದ ಅಟ್ಠಕಥೆ ಹೇಳುವ ಕ್ರಮದಲ್ಲಿ ಮೊದಲ ಐದನ್ನು ಐದು ದಿನ ನೇರವಾಗಿ, ಐದು ದಿನ ಹಿಂದುಮುಂದಾಗಿ, ಐದು ದಿನ ಎರಡೂ ಸೇರಿಸಿ ಹೇಳಬೇಕು. ಆಮೇಲೆ ಮುಂದಿನ ಗುಂಪು, ಆಮೇಲೆ ಎರಡೂ ಸೇರಿ. 32 ಮುಗಿಯುವ ಹೊತ್ತಿಗೆ 165 ದಿನ, ಅದೂ ಬರೀ ಬಾಯಿಪಾಠಕ್ಕೆ. ತ್ರಿಪಿಟಕ ಬಲ್ಲವನೂ ಮೊದಲು ಬಾಯಿಪಾಠವನ್ನೇ ಮಾಡಬೇಕು ಎಂದು ವಿಸುದ್ಧಿಮಗ್ಗ ಹೇಳುತ್ತದೆ. ಶಿಬಿರದಲ್ಲಿ ಒಂದೆರಡು ಗಂಟೆಯಲ್ಲಿ 32ನ್ನೂ ಮುಗಿಸಿ ಹೆಣಕ್ಕೆ ಹೋದದ್ದು ಈ ಕ್ರಮಕ್ಕೆ ಹೊಂದುವುದಿಲ್ಲ.

ಹೆಣದ ಧ್ಯಾನದ ಬಗ್ಗೆ ಒಂದೇ ಮಾತು: ಇಂಟರ್‌ನೆಟ್‌ನಲ್ಲಿ ಶವಗಳ ಫೋಟೊ ಹುಡುಕಿ ನೋಡುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಥಾಯ್ಲೆಂಡಿನ ಅರಣ್ಯವಿಹಾರಗಳಲ್ಲಿ ಅಸ್ಥಿಪಂಜರ ಇಟ್ಟುಕೊಳ್ಳುವುದುಂಟು, ಭಿಕ್ಷುಗಳು ಶವಪರೀಕ್ಷೆ ನೋಡಲು ಹೋಗುವುದೂ ಉಂಟು. ಅದು ವಿನಯದ ನಿಯಮ, ಗುರು, ಜೊತೆಗಾರರು ಎಲ್ಲ ಇರುವ ಕಡೆ. ಬುದ್ಧಘೋಷರಂತೂ ಸ್ಮಶಾನಕ್ಕೆ ಹೊರಡುವ ಮೊದಲು ಸಂಘದ ಹಿರಿಯರಿಗೆ ಹೇಳಿ ಹೋಗಬೇಕು, ಹೋದಲ್ಲಿ ಸುತ್ತಲಿನ ಕಲ್ಲು, ಹುತ್ತ, ಮರ, ಬಳ್ಳಿಗಳನ್ನು ಗುರುತು ಮಾಡಿಕೊಳ್ಳಬೇಕು, ಗಾಳಿಗೆ ಎದುರಾಗಿ ನಿಲ್ಲಬಾರದು, ಹೆದರಿಕೆಯಾದರೆ ಹೆಣ ಏಳುವುದಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳಬೇಕು ಎಂದು ಮುಂಜಾಗ್ರತೆಯ ಮೇಲೆ ಮುಂಜಾಗ್ರತೆ ಬರೆದಿದ್ದಾರೆ.

ಗುರು ಎಲ್ಲಿ ಸಿಗುತ್ತಾರೆ ಎಂದರೆ, ನಮ್ಮಲ್ಲೇ ಎರಡು ಪರಂಪರೆಗಳಿವೆ. ಬೆಂಗಳೂರಿನ ಗಾಂಧಿನಗರದಲ್ಲಿ ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಕಟ್ಟಿದ ಮಹಾಬೋಧಿ ಸೊಸೈಟಿ ಥೇರವಾದದ್ದು. ಬೈಲಕುಪ್ಪೆ, ಮುಂಡಗೋಡಿನ ವಿಹಾರಗಳು ಟಿಬೆಟಿನವು. ಅಲ್ಲಿ ಕಲಿಸುವ ಮರಣಧ್ಯಾನಕ್ಕೆ ಮೂರು ಬೇರು: ಸಾವು ಖಚಿತ, ಹೊತ್ತು ಅನಿಶ್ಚಿತ, ಆಗ ಕೈಹಿಡಿಯುವುದು ಧರ್ಮ ಮಾತ್ರ. ಒಂದೊಂದು ಬೇರಿಗೆ ಮೂರು ಕಾರಣ, ಒಟ್ಟು ಒಂಬತ್ತು. ಹೇಸಿಗೆಯ ಚಿತ್ರಗಳಿಲ್ಲದ, ತರ್ಕದ ದಾರಿ ಅದು. ನಿಮ್ಮ ಸ್ವಭಾವಕ್ಕೆ ಮುಂದೆ ಅದು ಹೊಂದಬಹುದು. ಎಲ್ಲಿಗೇ ಹೋದರೂ ನನಗೆ ಬರೆದದ್ದನ್ನು ಮೊದಲ ದಿನವೇ ಅವರಿಗೂ ಹೇಳಿ.

ಕೊನೆಯದಾಗಿ ಊಟ. ಸೇರದೆ ಎರಡು ವಾರ ದಾಟಿದ್ದರೆ, ತೂಕ ಇಳಿಯುತ್ತಿದ್ದರೆ ವೈದ್ಯರನ್ನು ನೋಡಿ, ಮೈ ಬಗೆಗಿನ ಹೇಸಿಗೆಯನ್ನೂ ಅವರಿಗೆ ಬಿಡಿಸಿ ಹೇಳಿ. ಬದುಕು ಬೇಡ ಎಂಬ ಯೋಚನೆ ಸುಳಿದಿದ್ದರೆ ಈ ಉತ್ತರ ಓದುತ್ತ ಕೂರಬೇಡಿ. 14416ಕ್ಕೆ ಕರೆ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.